ನೀರಡಿಯ ಊರು, ಕಥೆಯೊಳಗಿನ ನಾಗವೇಣಿ

ಕಳೆದ ತಿಂಗಳು ಶಿಕಾರಿಪುರದಿಂದ ಸೊರಬಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಮುಂದಿನ ಸೀಟಿನಲ್ಲಿ ಒಬ್ಬರು ಅಜ್ಜಿ. "ನಿಮ್ಮೂರು ಯಾವುದಜ್ಜಿ?" ಎಂದು ಕೇಳಿದೆ. "ನಮ್ಮೂರು ನೀರಡಿಗೆ ಐತೆ ಸಾಬ್ರೇ" ಎಂದರು. ಶಿರಾಳಕೊಪ್ಪ ಬರುವವರೆಗೆ ನನಗೆ ಬೇರೆ ಮಾತು ಹೊರಡಲಿಲ್ಲ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ರಾಜ್ಯಕ್ಕೆ ಕರೆಂಟು ಬಂತು, ಶರಾವತಿ ಕಣಿವೆಯ ಊರುಗಳು ಮುಳುಗಿದವು. ಎಬ್ಬಿಸಿದ ಸಂಸಾರಗಳನ್ನು ಜಿಲ್ಲೆಯ ಬೇರೆ ಬೇರೆ ಕಡೆಯ ಕಾಡುಭೂಮಿಗೆ ತಂದು ಬಿಟ್ಟರು. ಆ ಜಾಗದ ಹಕ್ಕುಪತ್ರಕ್ಕಾಗಿ ಮೊಮ್ಮಕ್ಕಳು ಇನ್ನೂ ಕಚೇರಿ ಅಲೆಯುತ್ತಿದ್ದಾರೆ. ಪಾಠಪುಸ್ತಕದಲ್ಲಿ ಇದಕ್ಕೆಲ್ಲ 'ಅಭಿವೃದ್ಧಿ' ಎಂಬ ಒಂದೇ ಶಬ್ದ.

ಇದನ್ನೇ ಸಾಗರದ ನಾ. ಡಿಸೋಜರು 'ದ್ವೀಪ' ಕಾದಂಬರಿ ಮಾಡಿದರು. ಲೋಕೋಪಯೋಗಿ ಇಲಾಖೆಯಲ್ಲಿ, ಶರಾವತಿ ಯೋಜನೆಯಲ್ಲೇ ಕೆಲಸದಲ್ಲಿದ್ದವರು. ಎಕರೆ, ಮನೆ, ಪರಿಹಾರದ ಲೆಕ್ಕ ಗೊತ್ತಿಲ್ಲದವರಲ್ಲ. ಆದರೆ ಅವರು ಲೆಕ್ಕ ಬರೆಯಲಿಲ್ಲ. ಗಣಪಯ್ಯ, ನಾಗವೇಣಿ ಎಂಬ ಗಂಡಹೆಂಡಿರನ್ನು ಸೀತಾಪರ್ವತದಲ್ಲಿ ನಿಲ್ಲಿಸಿ ಸುತ್ತಲೂ ನೀರು ಏರಿಸಿದರು. ಮಳೆ ಬಿಡುವುದಿಲ್ಲ, ನೆರೆಯವರು ಹೋಗಿಯಾಗಿದೆ, ಮನೆಯೊಳಗೆ ಗಂಡನಿಗೆ ಸಂಶಯ. ದೇಶ ಮಾಡಿದ ತೀರ್ಮಾನವೊಂದು ಒಬ್ಬ ಹೆಂಗಸಿನ ಅಡುಗೆಮನೆವರೆಗೆ ಹೇಗೆ ಬರುತ್ತದೆ ಎಂದು ಆಗ ಗೊತ್ತಾಗುತ್ತದೆ. ಗಿರೀಶ್ ಕಾಸರವಳ್ಳಿಯವರ 'ದ್ವೀಪ' ಸಿನೆಮಾ ನೋಡಿದವರೂ ಇರಬಹುದು. ಡಿಸೋಜರು 2025ರ ಜನವರಿಯಲ್ಲಿ ನಮ್ಮ ಮಂಗಳೂರಿನಲ್ಲೇ ತೀರಿಕೊಂಡರು.

"ಕಥೆ ಓದೋದು ಟೈಂಪಾಸ್ ಅಲ್ವಾ ಉಸ್ತಾದ್?" ಎನ್ನುವವರು ನಮ್ಮ ಮನೆಗಳಲ್ಲಿ ಧಾರಾಳ ಇದ್ದಾರೆ. ಸೂರಃ ಯೂಸುಫ್ ನೆನಪಿಸಿಕೊಳ್ಳಿ. ಬನೂ ಇಸ್ರಾಯೀಲರು ಈಜಿಪ್ಟಿಗೆ ಹೋಗಿ ನೆಲೆಸಿದ ಚರಿತ್ರೆ ಅಲ್ಲಿ ನಮಗೆ ಸಿಗುವುದು ಅಣ್ಣಂದಿರು ಬಾವಿಗೆ ಹಾಕಿದ ಬಾಲಕ ಯೂಸುಫ್ (ಅ)ರ, ಮಗನಿಗಾಗಿ ಕೊರಗಿ ಕಣ್ಣು ಬೆಳ್ಳಗಾದ ತಂದೆ ಯಾಕೂಬ್ (ಅ)ರ ಸಂಕಟದ ಮೂಲಕವೇ. ನಮ್ಮ ಬೊಳುವಾರು ಮಹಮ್ಮದ್ ಕುಂಞಿಯವರೂ 'ಸ್ವಾತಂತ್ರ್ಯದ ಓಟ'ದಲ್ಲಿ ದೇಶ ಒಡೆದ ನೋವನ್ನು ಮುತ್ತುಪ್ಪಾಡಿಯ ಸಾಮಾನ್ಯರ ಬದುಕಿನೊಳಗೆ ತಂದರು. 2016ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಇದರಲ್ಲಿ ಒಂದು ಅಪಾಯವೂ ಉಂಟು. ಒಬ್ಬರ ನೋವನ್ನು ಎಲ್ಲರ ಗುರುತಾಗಿ ಓದುತ್ತಾ ಓದುತ್ತಾ ಆ ಒಬ್ಬರೇ ಮರೆತುಹೋಗುತ್ತಾರೆ. ಸಾರಾ ಅಬೂಬಕ್ಕರರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳನ್ನು ಹೊರಗಿನ ಕೆಲವರು ಇಡೀ ಸಮುದಾಯದ ಪಟ ಮಾಡಿಕೊಂಡರು. ನಮ್ಮವರಿಗೆ ಸಿಟ್ಟು ಬಂತು. ಈ ಜಗಳದ ನಡುವೆ ಪಳ್ಳಿಯ ಕೆರೆಗೆ ಇಳಿದ ಆ ಹೆಣ್ಣುಮಗಳ ಕಡೆ ನೋಡಿದವರು ಕಡಿಮೆ. ಹಳೆ ಗಂಡನಿಗೆ ಹಲಾಲ್ ಮಾಡಲೆಂದೇ ನಡೆಸುವ ಒಂದು ರಾತ್ರಿಯ ನಿಕಾಹ್ ನಬಿ (ಸ)ರು ಶಪಿಸಿದ ಕೆಲಸ. ಫಿಕ್ಹ್ ಕಲಿಸುವ ನಾನು ಅದನ್ನು ಎಷ್ಟು ಸಲ ಬಾಯಿಬಿಟ್ಟು ಹೇಳಿದ್ದೇನೆ? ಕಮ್ಮಿಯೇ.

ಆ ದಿನ ಸೊರಬ ಹತ್ತಿರವಾಗುತ್ತಿದ್ದಾಗ ಅಜ್ಜಿಗೆ 'ದ್ವೀಪ'ದ ಕಥೆ ಹೇಳಿದೆ. ಪೂರ್ತಿ ಕೇಳಿದರು. ಚೀಲ ಎತ್ತಿಕೊಂಡು, "ಆ ನಾಗವೇಣಿಗೆ ಹಕ್ಕುಪತ್ರ ಸಿಕ್ತಾ ಸಾಬ್ರೇ?" ಎಂದರು.

"ಪುಸ್ತಕದಲ್ಲಿ ಅದು ಬರುವುದಿಲ್ಲ ಅಜ್ಜಿ."

"ನಮಗೂ ಬಂದಿಲ್ಲ" ಎಂದು ಇಳಿದು ಹೋದರು.