77 ಮತ, ಒಂದು ಬೆನ್ನುಮೂಳೆ

ಮದುವೆಯಾದ ಹೊಸತರಲ್ಲಿ ಜೋಡಿಗಳು ಗಿರಿಧಾಮವನ್ನೋ ಕಡಲತೀರವನ್ನೋ ಹುಡುಕಿಕೊಂಡು ಹೋಗುತ್ತಾರೆ. ಅಮೆರಿಕದ ಕಾನ್ಸಾಸ್ ಸಿಟಿಯ ಟೋಮಸ್ ಯಂಗ್ 2005ರ ಆಗಸ್ಟ್‌ನಲ್ಲಿ ಹೆಂಡತಿಯೊಂದಿಗೆ ಹೋಗಿದ್ದು ಟೆಕ್ಸಾಸ್‌ನ ಕ್ರಾಫರ್ಡ್‌ಗೆ, ಅಧ್ಯಕ್ಷ ಬುಷ್ ಅವರ ತೋಟದ ಮನೆಯ ಹೊರಗೆ ನಡೆಯುತ್ತಿದ್ದ ಯುದ್ಧವಿರೋಧಿ ಧರಣಿಗೆ. ಸುಡುಬಿಸಿಲು. ಗಾಲಿಕುರ್ಚಿಯಲ್ಲಿ ಕುಳಿತ ಯಂಗ್ ಮೈಮೇಲೆ ಐಸ್‌ಪ್ಯಾಕ್ ತುಂಬಿದ ಅಂಗಿ. ಬೆನ್ನುಹುರಿ ತುಂಡಾದವರ ದೇಹಕ್ಕೆ ಬಿಸಿಲಿನಲ್ಲಿ ತನ್ನ ಕಾವನ್ನು ತಾನೇ ಇಳಿಸಿಕೊಳ್ಳುವುದು ಕಷ್ಟ.

‘ಬಾಡಿ ಆಫ್ ವಾರ್’ (2007) ಸಾಕ್ಷ್ಯಚಿತ್ರದ ಶಕ್ತಿ ಇರುವುದೇ ಇಂಥ ವಿವರಗಳಲ್ಲಿ. ಟಿ.ವಿ. ನಿರೂಪಕರಾಗಿ ಮನೆಮಾತಾಗಿದ್ದ ಫಿಲ್ ಡೊನಹ್ಯೂ, ಎಲೆನ್ ಸ್ಪಿರೋ ಜೊತೆಗೂಡಿ ನಿರ್ದೇಶಿಸಿದ ಚಿತ್ರವಿದು. ಗಾಯಾಳು ಯಂಗ್ ಅವರನ್ನು ಡೊನಹ್ಯೂ ಮೊದಲು ಕಂಡಿದ್ದು ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ.

2001ರ ಸೆಪ್ಟೆಂಬರ್ 11ರ ದಾಳಿಯಾದ ಎರಡೇ ದಿನಕ್ಕೆ ಯಂಗ್ ಸೇನೆ ಸೇರಲು ಮುಂದಾದರು. ದಾಳಿಕೋರರ ಬೆನ್ನಟ್ಟಿ ಅಫ್ಗಾನಿಸ್ತಾನಕ್ಕೆ ಹೋಗಬೇಕೆಂಬುದು ಅವರ ಆಸೆ. ಕಳುಹಿಸಿದ್ದು ಇರಾಕ್‌ಗೆ. ಅಲ್ಲಿಗೆ ಹೋದ ಐದನೇ ದಿನ, 2004ರ ಏಪ್ರಿಲ್ 4ರಂದು, ಬಾಗ್ದಾದ್‌ನ ಸದ್ರ್ ಸಿಟಿಯಲ್ಲಿ ರಕ್ಷಾಕವಚವಿಲ್ಲದ ತೆರೆದ ಟ್ರಕ್ಕಿನಲ್ಲಿದ್ದಾಗ ಗುಂಡು ಬಿತ್ತು. ಎದೆಯಿಂದ ಕೆಳಗೆ ಸ್ವಾಧೀನ ಹೋಯಿತು. ಕ್ರಾಫರ್ಡ್ ಧರಣಿಯ ಮುಂದಾಳು ಸಿಂಡಿ ಶೀಹನ್ ಅವರ ಮಗ ಕೇಸಿ ಸತ್ತಿದ್ದೂ ಅದೇ ದಿನ, ಅದೇ ಸದ್ರ್ ಸಿಟಿಯಲ್ಲಿ.

ಚಿತ್ರ ಎರಡು ಎಳೆಗಳಲ್ಲಿ ಸಾಗುತ್ತದೆ. ಒಂದು ಕಡೆ ಯಂಗ್ ಅವರ ದಿನಚರಿ: ಮಾತ್ರೆಗಳು, ತಲೆಸುತ್ತು, ವಾಕರಿಕೆ, ಮೂತ್ರಕ್ಕೆ ಕ್ಯಾತಿಟರ್, ಅದಕ್ಕೂ ಅಮ್ಮನ ಕೈ ಬೇಕು. ದಾಂಪತ್ಯದ ದೈಹಿಕ ಸಂಕಟವನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಾರೆ. ಇನ್ನೊಂದು ಕಡೆ 2002ರ ಅಕ್ಟೋಬರ್‌ನ ಸೆನೆಟ್ ಕಲಾಪ. ಒಬ್ಬರಾದ ಮೇಲೊಬ್ಬರು ಎದ್ದು ಅದೇ ಗಿಳಿಪಾಠ ಒಪ್ಪಿಸುತ್ತಾರೆ. ಹೆಸರು ಕರೆದಂತೆ ಯುದ್ಧಕ್ಕೆ ಒಪ್ಪಿಗೆಯ ಮತಗಳು ಬೀಳುತ್ತವೆ. ಪರವಾಗಿ 77, ವಿರುದ್ಧ 23. ಅತ್ತ ‘ಹೌದು’ ಎನ್ನಲು ಅರೆಕ್ಷಣ ಸಾಕು. ಇತ್ತ ಅದೇ ‘ಹೌದು’ ಹಾಸಿಗೆಯಿಂದ ಏಳುವುದನ್ನೂ ಒಂದು ದೊಡ್ಡ ಕೆಲಸ ಮಾಡಿಟ್ಟಿದೆ. ಇವೆರಡನ್ನೂ ಅಕ್ಕಪಕ್ಕ ಇಟ್ಟು ಚಿತ್ರ ಸುಮ್ಮನಾಗುತ್ತದೆ. ಲೆಕ್ಕ ನೋಡುಗರೇ ಹಾಕಿಕೊಳ್ಳಬೇಕು.

ಅಂಗವಿಕಲ ಯೋಧರ ಕಥೆ ಎಂದರೆ ನಮಗೆ ಗೆಲುವು ಬೇಕು. 1965ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳಿಕಾಂತ್ ಪೇಟ್ಕರ್ 1972ರ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದರು. ಅವರ ಬದುಕು ‘ಚಂದು ಚಾಂಪಿಯನ್’ ಆಗಿ ತೆರೆಗೆ ಬಂತು. ಸಂಭ್ರಮಿಸಬೇಕಾದದ್ದೇ. ಆದರೆ ಪದಕ ಗೆಲ್ಲದವರೂ ಮರುದಿನ ಬೆಳಿಗ್ಗೆ ಏಳಬೇಕಲ್ಲ? ‘ಬಾಡಿ ಆಫ್ ವಾರ್’ ಅವರ ಚಿತ್ರ. ಇಲ್ಲಿ ಮದುವೆ ಮುರಿಯುತ್ತದೆ. ತಮ್ಮ ಸೈನಿಕನಾಗಿ ಅದೇ ಇರಾಕ್‌ಗೆ ಹೊರಡುತ್ತಾನೆ. ಮೈನೋವು ಕಡಿಮೆಯಾಗುವುದಿಲ್ಲ. ಆದರೂ ಯಂಗ್ ಸಿಡುಕುತ್ತಾ, ನಗುತ್ತಾ, ಸಭೆಗಳಲ್ಲಿ ಮಾತಾಡುತ್ತಾ ಹೋಗುತ್ತಾರೆ.

ಕೊನೆಯ ಭಾಗದಲ್ಲಿ ಅವರು ಯುದ್ಧದ ವಿರುದ್ಧ ಮತ ಹಾಕಿದ ಸೆನೆಟರ್ ರಾಬರ್ಟ್ ಬರ್ಡ್ ಅವರನ್ನು ಕಾಣುತ್ತಾರೆ. ತೊಂಬತ್ತರ ಹೊಸ್ತಿಲಲ್ಲಿದ್ದ ಬರ್ಡ್ ಕೈಗಳು ನಡುಗುತ್ತಿವೆ. ಇಬ್ಬರೂ ಕುಳಿತು, ‘ಬೇಡ’ ಎಂದ ಆ 23 ಮಂದಿಯ ಹೆಸರನ್ನು ಒಂದೊಂದಾಗಿ ಓದುತ್ತಾರೆ. ಆಮೇಲೆ ಗಾಲಿಕುರ್ಚಿ ಮತ್ತು ಊರುಗೋಲು ಜೊತೆಜೊತೆಯಾಗಿ ಮುಂದೆ ಸಾಗುತ್ತವೆ.

ಯಂಗ್ ಅವರ ಕಷ್ಟ ಚಿತ್ರದೊಂದಿಗೆ ಮುಗಿಯಲಿಲ್ಲ. 2008ರಲ್ಲಿ ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಸಿಕ್ಕಿಕೊಂಡು, ಆಮ್ಲಜನಕ ಸಿಗದೆ ಮೆದುಳಿಗೆ ಪೆಟ್ಟಾಯಿತು. ಮಾತು ತೊದಲಿತು, ಕೈಗಳ ಬಲವೂ ಕುಗ್ಗಿತು. 2013ರಲ್ಲಿ ಬುಷ್ ಮತ್ತು ಉಪಾಧ್ಯಕ್ಷರಾಗಿದ್ದ ಚೆನಿ ಅವರಿಗೆ ಬಹಿರಂಗ ಪತ್ರ ಬರೆದು, ಯುದ್ಧದ ಹೊಣೆಯನ್ನು ಅವರ ಮೇಲೇ ಹೊರಿಸಿದರು. 2014ರ ನವೆಂಬರ್ 10ರಂದು ತೀರಿಕೊಂಡಾಗ ಅವರಿಗೆ 34 ವರ್ಷ. ಮರುದಿನ ಅಮೆರಿಕದಲ್ಲಿ ಮಾಜಿ ಯೋಧರನ್ನು ಗೌರವಿಸುವ ರಾಷ್ಟ್ರೀಯ ರಜೆ.

ಗುಂಡು ಬೀಳುವ ಮುನ್ನ ಅವರು ಯುದ್ಧ ಕಂಡಿದ್ದು ಐದೇ ದಿನ. ಬಿದ್ದ ಮೇಲೆ ಅದನ್ನು ಮೈಯಲ್ಲಿ ಹೊತ್ತು ಬದುಕಿದ್ದು ಹತ್ತೂವರೆ ವರ್ಷ.