ಐಹೊಳೆಯ ಶಾಸನದಲ್ಲಿ ಎರಡು ಕಾಲಗಣನೆಗಳು

ಒಂದೇ ವರ್ಷವನ್ನು ಎರಡು ಬಗೆಯಾಗಿ ಎಣಿಸಿದುದಕ್ಕೆ ಐಹೊಳೆಯ ಮೇಗುತಿ ಜಿನಾಲಯದಲ್ಲಿರುವ ರವಿಕೀರ್ತಿಯ ಶಾಸನವು ಉತ್ತಮ ನಿದರ್ಶನವಾಗಿದೆ. ಭಾರತಯುದ್ಧದಿಂದ 3735 ವರ್ಷಗಳೂ ಶಕರಾಜರ ಗಣನೆಯಲ್ಲಿ 556 ವರ್ಷಗಳೂ ಕಳೆದಿದ್ದುವೆಂದು ಅದು ಹೇಳುತ್ತದೆ. ಇವೆರಡರ ಅಂತರ 3179. ಶಕವರ್ಷಕ್ಕೆ ಈ ಸಂಖ್ಯೆಯನ್ನೇ ಕೂಡಿಸಿ ಪಂಚಾಂಗಕರ್ತರು ಗತಕಲಿಯನ್ನು ಪಡೆಯುತ್ತಾರೆ. ಎಂದರೆ ಶಾಸನದ ಭಾರತಯುದ್ಧಗಣನೆಯು ಕಲಿಯುಗಗಣನೆಯೇ ಆಗಿದೆ.

ಇಲ್ಲಿ ಮುಖ್ಯವಾಗಿ ಗಮನಿಸತಕ್ಕುದು ‘ಕಳೆದ’ ಎಂಬ ಅರ್ಥದ ಪದ. ಗತಶಕಕ್ಕೆ 78ನ್ನು ಕೂಡಿಸಲು ಕ್ರಿ.ಶ. 634 ಬರುತ್ತದೆ, ಚೈತ್ರದಲ್ಲಿ ಮೊದಲಾದ ಆ ವರ್ಷವು 635ರಲ್ಲಿ ಮುಗಿಯುತ್ತದೆ. 556ನ್ನು ನಡೆಯುತ್ತಿದ್ದ ವರ್ಷವೆಂದು ಗ್ರಹಿಸಿದರೆ ಕೂಡಿಸಬೇಕಾದುದು 77. ಆಗ ಶಾಸನವೇ ಒಂದು ವರ್ಷ ಹಿಂದಕ್ಕೆ ಸರಿಯುತ್ತದೆ. ಇಮ್ಮಡಿ ಪುಲಿಕೇಶಿಯ ವಿಜಯಗಳನ್ನು ವರ್ಣಿಸಿ, ಕಾಳಿದಾಸ ಭಾರವಿಗಳನ್ನು ಹೆಸರಿಸುವ ಶಾಸನವಿದು. ಅವರ ಕಾಲನಿರ್ಣಯಕ್ಕೆ ಎಲ್ಲೆಗಲ್ಲಾದ ಇದರಲ್ಲಿ ಒಂದು ವರ್ಷದ ತಪ್ಪೂ ಅಲ್ಪವಲ್ಲ. ಆದುದರಿಂದ ಶಾಸನದ ಅಂಕಿಯೊಡನೆ ಅದರ ಪಕ್ಕದ ಪದವನ್ನೂ ಓದತಕ್ಕುದು.