ನಿಮಗಿದು ಗೊತ್ತೆ? ಹರಳೂ ಕನ್ನಡಿಯಾಗುತ್ತದೆ!

ಬೆಣಚುಕಲ್ಲಿನ ಶುದ್ಧ ಹರಳು ನಮ್ಮ ಕಣ್ಣಿಗೆ ಗಾಜಿನಷ್ಟೇ ಪಾರದರ್ಶಕ. ಆದರೆ ಸುಮಾರು 9 ಮೈಕ್ರೋಮೀಟರ್ ತರಂಗಾಂತರದ ಅವಕೆಂಪು ಕಿರಣಗಳಿಗೆ ಅದು ಲೋಹದ ಕನ್ನಡಿಯಿದ್ದಂತೆ. ಹರಳಿನ ಪರಮಾಣುಗಳ ಕಂಪನಕ್ಕೆ ಕಿರಣದ ಕಂಪನ ತಾಳೆಯಾದಾಗ ಅದು ಒಳಗೆ ಸಾಗದೆ ಬಹುಪಾಲು ಹಿಂದಿರುಗುತ್ತದೆ.

1897ರಲ್ಲಿ ಭೌತವಿಜ್ಞಾನಿಗಳಾದ ಹೈನ್ರಿಶ್ ರೂಬೆನ್ಸ್ ಮತ್ತು ಅರ್ನೆಸ್ಟ್ ನಿಕೋಲ್ಸ್ ಬರ್ಲಿನ್‌ನಲ್ಲಿ ಈ ಗುಣವನ್ನೇ ಜರಡಿಯಾಗಿ ಬಳಸಿದರು. ಒಂದೇ ಬಗೆಯ ಹರಳುಗಳ ಮೇಲೆ ಕಿರಣವನ್ನು ಮತ್ತೆ ಮತ್ತೆ ಪ್ರತಿಫಲಿಸಿದರೆ ಬೇರೆ ತರಂಗಗಳೆಲ್ಲ ಸೋರಿಹೋಗಿ ಆ ಒಂದು ಪಟ್ಟಿ ಮಾತ್ರ ಉಳಿಯುತ್ತದೆ. ಹೀಗೆ ಉಳಿದವಕ್ಕೆ 'ಉಳಿಕೆ ಕಿರಣ'ಗಳೆಂದು ಹೆಸರಾಯಿತು. ಮುಂದೆ ಕಲ್ಲುಪ್ಪಿನಿಂದ ಸುಮಾರು 50 ಮೈಕ್ರೋಮೀಟರ್‌ನ ಕಿರಣವೂ ಸಿಕ್ಕಿತು. ಇಂಥ ಕಿರಣಗಳ ಅಳತೆಯ ಸುದ್ದಿಯನ್ನು ರೂಬೆನ್ಸ್ 1900ರ ಅಕ್ಟೋಬರ್‌ನ ಒಂದು ಭಾನುವಾರ ಭೌತವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್ ಅವರ ಮನೆಗೆ ಹೋದಾಗ ಹೇಳಿದರು. ಅದರ ಬೆನ್ನಲ್ಲೇ ಪ್ಲಾಂಕ್ ತಮ್ಮ ಪ್ರಸಿದ್ಧ ವಿಕಿರಣ ಸೂತ್ರವನ್ನು ಅದೇ ತಿಂಗಳ 19ರಂದು ಮಂಡಿಸಿದರು!

ಇಂಥ ಪ್ರತಿಫಲನದಿಂದಲೇ ವಸ್ತುವಿನ ದ್ಯುತಿ ಸ್ಥಿರಾಂಕಗಳನ್ನೂ ತಿಳಿಯಬಹುದು. ವಸ್ತುವಿನೊಳಗೆ ಬೆಳಕು ಎಷ್ಟು ನಿಧಾನವಾಗುತ್ತದೆ, ಎಷ್ಟು ಹೀರಲ್ಪಡುತ್ತದೆ ಎಂಬ ಎರಡು ಸಂಖ್ಯೆಗಳೇ ದ್ಯುತಿ ಸ್ಥಿರಾಂಕಗಳು. ಹೆಸರಿಗಷ್ಟೇ ಸ್ಥಿರ, ತರಂಗಾಂತರ ಬದಲಾದರೆ ಅವೂ ಬದಲು. ಬಲವಾಗಿ ಹೀರುವ ವಸ್ತುವಿನ ಮೂಲಕ ಬೆಳಕು ಹಾಯಿಸಿ ಅಳೆಯುವುದು ಕಷ್ಟ. ಹಾಗಾಗಿ ನಯಗೊಳಿಸಿದ ಮೇಲ್ಮೈಯ ಪ್ರತಿಫಲನವನ್ನೇ ಚಿನ್ನದ ಕನ್ನಡಿಯೊಡನೆ ಹೋಲಿಸುತ್ತಾರೆ.

ಅಳತೆಯಲ್ಲಿ ಸಿಗುವುದು ತೀವ್ರತೆ ಒಂದೇ, ಬೇಕಾದದ್ದು ಎರಡು ಸಂಖ್ಯೆ. ಭೌತವಿಜ್ಞಾನಿಗಳಾದ ಕ್ರೋನಿಗ್ (1926) ಮತ್ತು ಕ್ರೇಮರ್ಸ್ (1927) ಕೊಟ್ಟ ಗಣಿತ ಇಲ್ಲಿ ಕೈಹಿಡಿಯುತ್ತದೆ: ಇಡೀ ರೋಹಿತದ ಪ್ರತಿಫಲನ ಗೊತ್ತಿದ್ದರೆ, ಅಳತೆಗೆ ಸಿಗದ ತರಂಗದ ಹಂತವನ್ನು (ಪ್ರತಿಫಲಿಸುವಾಗ ಅಲೆ ಎಷ್ಟು ಹಿಂದುಮುಂದಾಯಿತು ಎಂಬುದನ್ನು) ಲೆಕ್ಕದಿಂದಲೇ ತೆಗೆಯಬಹುದು; ತೀವ್ರತೆ, ಹಂತ ಎರಡೂ ಸಿಕ್ಕರೆ ಆ ಎರಡು ಸಂಖ್ಯೆಗಳೂ ಸಿಗುತ್ತವೆ. ಆದರೆ ಯಾವ ಯಂತ್ರವೂ ಇಡೀ ರೋಹಿತವನ್ನು ಅಳೆಯಲಾರದು. ಎರಡೂ ತುದಿಗಳನ್ನು ಅಂದಾಜಿನಿಂದಲೇ ತುಂಬಬೇಕು.